ನಿಲ್ಲಿಸುವ ಹಕ್ಕು ಯಾರದು?

1991ರಲ್ಲಿ ಪುಣೆಯ ಸಿ-ಡ್ಯಾಕ್ ‘ಪರಮ್ 8000’ ಸೂಪರ್‌ಕಂಪ್ಯೂಟರನ್ನು ಕಟ್ಟಿತು. 2018ರಲ್ಲಿ ಅದೇ ಊರಿನ ಉಷ್ಣವಲಯ ಹವಾಮಾನ ಸಂಸ್ಥೆಗೆ ‘ಪ್ರತ್ಯೂಷ್’ ಬಂತು. ಗಂಟೆಗಟ್ಟಲೆ ಮುಂಗಾರಿನ ಲೆಕ್ಕ ಹಾಕುವ ಇಂಥ ಯಂತ್ರಗಳಲ್ಲಿ ಅಪ್‌ಡೇಟಿಗೆ ಮೊದಲೇ ದಿನ ಗೊತ್ತುಮಾಡುವುದು ರೂಢಿ. ದೀರ್ಘ ಲೆಕ್ಕಗಳೂ ಆದಷ್ಟನ್ನು ಉಳಿಸಿಟ್ಟುಕೊಳ್ಳುತ್ತ ಸಾಗುತ್ತವೆ.

ಮನೆಯ ಕಂಪ್ಯೂಟರಿಗೆ ಆ ಭಾಗ್ಯವಿಲ್ಲ. ಅದಕ್ಕೊಂದು ಕಾರಣವಿದೆ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ಜಗತ್ತಿನ ವಿಂಡೋಸ್ ಯಂತ್ರಗಳಿಗೆ ಹಬ್ಬಿತು. ತಡೆಯುವ ಪ್ಯಾಚ್ ಜುಲೈನಲ್ಲೇ ಬಂದಿತ್ತು, ಹಾಕಿಕೊಳ್ಳದವರೇ ಬಹಳ. ಮುಂದೆ ಅಪ್‌ಡೇಟ್ ತಾನಾಗಿ ಬರತೊಡಗಿತು. 2015ರ ವಿಂಡೋಸ್ 10 ಹೋಮ್‌ನಲ್ಲಿ ಬೇಡವೆನ್ನುವ ಆಯ್ಕೆಯೇ ಹೋಯಿತು. ರಾತ್ರಿಯಿಡೀ ಓಡುವ ಕೆಲಸಕ್ಕೆ ಹಚ್ಚಿ ಮಲಗಿದವರಿಗೆ ಬೆಳಿಗ್ಗೆ ಸಿಕ್ಕಿದ್ದು ಲಾಗಿನ್ ಪರದೆ. 2016ರಲ್ಲಿ ಬಂದ ‘ಆ್ಯಕ್ಟಿವ್ ಅವರ್ಸ್’ ಮನುಷ್ಯ ಕೂತಿರುವ ಹೊತ್ತನ್ನು ಕಾಯಿತು. ಯಂತ್ರ ಒಂಟಿಯಾಗಿ ದುಡಿಯುವ ಹೊತ್ತನ್ನಲ್ಲ.