ಎಪ್ಪತ್ತರ ದಶಕದ ಹಾಡು ಯಾವುದು?

ಹತ್ತು ವರ್ಷಗಳ ಕಾಲವನ್ನು ಒಂದು ಹಾಡು ಪ್ರತಿನಿಧಿಸಬಲ್ಲದೇ? ಪ್ರತಿನಿಧಿಸುವುದಾದರೆ ಆ ಹಾಡನ್ನು ಆರಿಸುವ ಅಧಿಕಾರ ಯಾರದು? ರಾಕ್ ಸಂಗೀತದ ಅಭಿಮಾನಿಗಳಲ್ಲಿ ಎಂದೂ ಮುಗಿಯದ ಜಗಳವಿದು. ಅರವತ್ತರ ದಶಕ ಬೀಟಲ್ಸ್ ತಂಡದ್ದೋ, ರೋಲಿಂಗ್ ಸ್ಟೋನ್ಸ್ ತಂಡದ್ದೋ? ಎಪ್ಪತ್ತರ ದಶಕ ಲೆಡ್ ಜೆಪ್ಪೆಲಿನ್‌ಗೆ ಸೇರಿದ್ದೋ, ಪಿಂಕ್ ಫ್ಲಾಯ್ಡ್‌ಗೋ, ಅಥವಾ ಕೊನೆಗೆ ಬಂದು ಹಳಬರನ್ನೆಲ್ಲ ಗೇಲಿ ಮಾಡಿದ ಸೆಕ್ಸ್ ಪಿಸ್ಟಲ್ಸ್‌ಗೋ? ಪತ್ರಿಕೆಗಳು ಪಟ್ಟಿ ಮಾಡುತ್ತವೆ, ಓದುಗರು ಪಟ್ಟಿಯನ್ನು ಹರಿದುಹಾಕುತ್ತಾರೆ.

ಇದು ಬಿಡುವಿರುವವರ ಹರಟೆ ಎಂದು ತಳ್ಳಿಹಾಕುವಂತಿಲ್ಲ. ಒಂದು ಕಾಲವನ್ನು ನಾವು ಹೇಗೆ ನೆನಪಿಡುತ್ತೇವೆ, ಯಾರನ್ನು ನೆನಪಿಡುತ್ತೇವೆ, ಯಾರನ್ನು ಬಿಡುತ್ತೇವೆ ಎಂಬ ಪ್ರಶ್ನೆ ಈ ಜಗಳದ ಒಡಲಲ್ಲಿದೆ. ಅದನ್ನು ಚೌಳಹಿರಿಯೂರು, ಕಡೂರು, ಅಜ್ಜಂಪುರದ ಕಡೆಯಿಂದ ನಿಂತು ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಲೆಕ್ಕಕ್ಕೆ ಸಿಕ್ಕಿದ್ದು, ಸಿಗದಿದ್ದು

ಮೊದಲು ಪಶ್ಚಿಮದ ಲೆಕ್ಕವನ್ನೇ ನೋಡೋಣ. 1969 ಎಂದೊಡನೆ ಅಮೆರಿಕದವರಿಗೆ ನೆನಪಾಗುವುದು ವುಡ್‌ಸ್ಟಾಕ್. ಆ ವರ್ಷದ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬೆಥೆಲ್ ಎಂಬಲ್ಲಿ ಸುಮಾರು 4 ಲಕ್ಷ ಯುವಜನರು ಮಳೆ ಕೆಸರನ್ನು ಲೆಕ್ಕಿಸದೆ ರಾಕ್ ಕೇಳಿದರು. ಜಿಮಿ ಹೆಂಡ್ರಿಕ್ಸ್ ಗಿಟಾರಿನಲ್ಲಿ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದ್ದು ಆ ಕಾಲದ ಸಂಕೇತವೆಂದೇ ಹೆಸರಾಯಿತು. ಆದರೆ ಅವನು ವೇದಿಕೆ ಹತ್ತಿದ್ದು ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ಹೆಚ್ಚಿನವರು ಮನೆಯ ದಾರಿ ಹಿಡಿದಿದ್ದರು. ಉಳಿದವರು ಅದನ್ನು ಕಂಡದ್ದು ಮರುವರ್ಷ ಬಂದ ಸಿನಿಮಾದಲ್ಲಿ.

ಹಾಗಾದರೆ 1969ರಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ವರ್ಷದ ಮೊದಲ ಸ್ಥಾನ ಪಡೆದ ಹಾಡು ಯಾವುದು? 'ಆರ್ಚೀಸ್' ಎಂಬ, ಮಕ್ಕಳ ಕಾರ್ಟೂನಿಗಾಗಿ ಹುಟ್ಟುಹಾಕಿದ ತಂಡದ ಒಂದು ಸಿಹಿ ಹಾಡು. ಬ್ರಿಟನ್ನಿನ ಕಥೆಯೂ ಬೇರೆಯಲ್ಲ. ಬೀಟಲ್ಸ್ ಆಳುತ್ತಿದ್ದ ಅರವತ್ತರ ದಶಕದಲ್ಲಿ, 1965, 1966 ಮತ್ತು 1968 ಈ ಮೂರು ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಎಲ್‌ಪಿ ತಟ್ಟೆ 'ದಿ ಸೌಂಡ್ ಆಫ್ ಮ್ಯೂಸಿಕ್' ಚಿತ್ರದ್ದು. ಅಂದರೆ ಜನ ಕೊಂಡಿದ್ದು ಒಂದು, ಇತಿಹಾಸ ಎತ್ತಿಟ್ಟುಕೊಂಡಿದ್ದು ಇನ್ನೊಂದು.

ಲೆಕ್ಕ ಹಾಕುವ ವಿಧಾನವೇ ಉತ್ತರವನ್ನು ಬದಲಿಸಿದ ಉದಾಹರಣೆಯೂ ಉಂಟು. ಲೆಡ್ ಜೆಪ್ಪೆಲಿನ್ ತಂಡದ ಅತ್ಯಂತ ಪ್ರಸಿದ್ಧ ಹಾಡು ಬಂದದ್ದು 1971ರಲ್ಲಿ. ಅದನ್ನು ಅಮೆರಿಕದಲ್ಲಿ ಬಿಡಿ ತಟ್ಟೆಯಾಗಿ ಮಾರಾಟಕ್ಕೆ ಬಿಡಲಿಲ್ಲ. ಹಾಗಾಗಿ ಬಿಡಿ ಹಾಡುಗಳ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಇನ್ನು 1991ರವರೆಗೆ ಅಲ್ಲಿನ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿ ಅಂಗಡಿಯವರು ಕೊಟ್ಟ ಹೇಳಿಕೆಯನ್ನು ನಂಬಿ ತಯಾರಾಗುತ್ತಿತ್ತು. ಆ ವರ್ಷದ ಮೇ ತಿಂಗಳಿನಿಂದ ಆಲ್ಬಮ್‌ಗಳ ಮಾರಾಟವನ್ನು ಅಂಗಡಿಯ ಯಂತ್ರವೇ ಎಣಿಸತೊಡಗಿತು. ಒಂದೆರಡು ವಾರಗಳಲ್ಲೇ ಪಟ್ಟಿಯ ಚಹರೆ ಬದಲಾಯಿತು. ಅಂಗಡಿಯವರ ಬಾಯಲ್ಲಿ ಬಾರದಿದ್ದ ರ‍್ಯಾಪ್, ಕಂಟ್ರಿ ಮತ್ತು ಹೆವಿ ಮೆಟಲ್ ಮೇಲಕ್ಕೆ ಬಂದವು. ಜನರ ರುಚಿ ಒಂದು ವಾರದಲ್ಲಿ ಬದಲಾಗಿರಲಿಲ್ಲ, ಬದಲಾಗಿದ್ದು ತಕ್ಕಡಿ.

ನಮ್ಮ ನಾಲ್ವರು ಹಕ್ಕುದಾರರು

ಈಗ ನಮ್ಮ ನಾಡಿಗೆ ಬರೋಣ. ಎಪ್ಪತ್ತರ ದಶಕ ಕರ್ನಾಟಕಕ್ಕೆ ಸಾಮಾನ್ಯ ಕಾಲವಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ದೇವರಾಜ ಅರಸರ ಆಡಳಿತ, 1974ರ ಭೂಸುಧಾರಣಾ ತಿದ್ದುಪಡಿ, 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿ, ಎಲ್ಲವೂ ಆ ಹತ್ತು ವರ್ಷಗಳ ಒಳಗೇ ನಡೆದವು. ಈ ಕಾಲದ ದನಿ ಯಾವುದೆಂದರೆ ನಾಲ್ವರು ಹಕ್ಕುದಾರರು ಮುಂದೆ ಬರುತ್ತಾರೆ.

ಮೊದಲನೆಯದು ಬೆಂಗಳೂರಿನ ರಾಕ್. 1970ರ ಸುಮಾರಿಗೆ ಹುಟ್ಟಿದ 'ಹ್ಯೂಮನ್ ಬಾಂಡೇಜ್' ಆ ಕಾಲದ ಹೆಸರಾದ ತಂಡ. ಕಲ್ಕತ್ತೆಯಿಂದ ಹೊರಡುತ್ತಿದ್ದ 'ಜೂನಿಯರ್ ಸ್ಟೇಟ್ಸ್‌ಮನ್' ಪತ್ರಿಕೆ ದೇಶದ ಇಂಥ ತಂಡಗಳ ಸುದ್ದಿಯನ್ನು ಕಾಲೇಜು ಹುಡುಗರಿಗೆ ಮುಟ್ಟಿಸುತ್ತಿತ್ತು. ಒಂದು ಸಿಗರೇಟಿನ ಹೆಸರಿನಲ್ಲಿ ನಡೆದ 'ಸಿಮ್ಲಾ ಬೀಟ್' ಸ್ಪರ್ಧೆಯ ತಂಡಗಳ ಹಾಡುಗಳು 1970 ಮತ್ತು 1971ರಲ್ಲಿ ಎರಡು ಎಲ್‌ಪಿ ತಟ್ಟೆಗಳಾಗಿ ಬಂದವು. ಇಂದು ಭಾರತದ ಹಳೆಯ ರಾಕ್ ಬಗ್ಗೆ ಬರೆಯುವವರು ಮತ್ತೆ ಮತ್ತೆ ಆ ತಟ್ಟೆಗಳಿಗೇ ಮರಳುತ್ತಾರೆ. ತಟ್ಟೆಗೆ ಏರಿದವರು ಉಳಿದರು. ಹೋಟೆಲಿನಲ್ಲಿ, ಕಾಲೇಜು ಸಭಾಂಗಣದಲ್ಲಿ ನುಡಿಸಿ ಹೋದ ಎಷ್ಟೋ ತಂಡಗಳು ಕೇಳಿದವರ ನೆನಪಿನಲ್ಲಷ್ಟೇ ಉಳಿದಿವೆ.

ಎರಡನೆಯದು ಸಿನಿಮಾ ಹಾಡು. ಇದರ ಹಕ್ಕನ್ನು ಅಲ್ಲಗಳೆಯುವವರು ಯಾರು? ಪಕ್ಕದ ಚಿತ್ರದುರ್ಗದ ಕೋಟೆಯಲ್ಲಿ ಚಿತ್ರಿತವಾದ 'ನಾಗರಹಾವು' 1972ರ ಕೊನೆಯಲ್ಲಿ ತೆರೆಕಂಡಿತು. ಅದಕ್ಕೆ ವಿಜಯಭಾಸ್ಕರ್ ಕೊಟ್ಟ ಸಂಗೀತ ಇವತ್ತಿಗೂ ಆರ್ಕೆಸ್ಟ್ರಾಗಳ ಬಂಡವಾಳ. 1974ರ 'ಎರಡು ಕನಸು' ಚಿತ್ರಕ್ಕೆ ರಾಜನ್-ನಾಗೇಂದ್ರ ಸಂಗೀತ ನೀಡಿದರು. ಅದೇ ವರ್ಷದ 'ಸಂಪತ್ತಿಗೆ ಸವಾಲ್' ಚಿತ್ರದ ನಂತರ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ರೂಢಿಯಾಯಿತು. ಅದಕ್ಕೆ ಮುಂಚೆ ಅವರ ಕಂಠವಾಗಿದ್ದವರು ಮುಖ್ಯವಾಗಿ ಪಿ.ಬಿ. ಶ್ರೀನಿವಾಸ್. ರಾಕ್‌ನ ಗಾಳಿ ಸಿನಿಮಾಕ್ಕೂ ತಾಗದೆ ಇರಲಿಲ್ಲ. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ರಾಜ್‌ಕುಮಾರ್ ಇಂಗ್ಲಿಷ್ ಹಾಡೊಂದನ್ನೇ ಹಾಡಿದರು. ಬೆಂಗಳೂರಿನ ಯಾವ ರಾಕ್ ತಂಡಕ್ಕೂ ಸಿಗದಷ್ಟು ಹಳ್ಳಿಗಳನ್ನು ಆ ಒಂದು ಇಂಗ್ಲಿಷ್ ಹಾಡು ಮುಟ್ಟಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಮೂರನೆಯದು ಭಾವಗೀತೆ. ಕವಿಯ ಪದ್ಯವನ್ನು ರಾಗಕ್ಕೆ ಕೂಡಿಸಿ ಹಾಡುವುದು ಹೊಸದೇನಲ್ಲ, ಪಿ. ಕಾಳಿಂಗರಾಯರು ಬಹಳ ಹಿಂದೆಯೇ ಆ ಕೆಲಸ ಮಾಡಿದ್ದರು. ಆದರೆ 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂಬ ಹೆಗ್ಗಳಿಕೆ ಅದರದು. ಇದೇ ಹೊತ್ತಿಗೆ ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರಕ್ಕೆ ಹಾಡಿದ ಶಿವಮೊಗ್ಗ ಸುಬ್ಬಣ್ಣ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಸಂದಿತು. ಆ ಗೌರವ ಪಡೆದ ಮೊದಲ ಕನ್ನಡಿಗರು ಅವರು.

ನಾಲ್ಕನೆಯದು ಹೋರಾಟದ ಹಾಡು. 1973ರ ಕೊನೆಯಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ಮಾತಿನಿಂದ ಎದ್ದ 'ಬೂಸಾ' ಗಲಾಟೆ ದಲಿತ ಯುವಕರನ್ನು ಒಗ್ಗೂಡಿಸಿತು. ದಶಕದ ನಡುವೆ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಅದೇ ವರ್ಷ ಹುಟ್ಟಿದ 'ಸಮುದಾಯ' ತಂಡ 1979ರಲ್ಲಿ ಜಾಥಾ ಹೊರಟು ನಾಟಕ, ಹಾಡುಗಳನ್ನು ಬೀದಿಗೆ ತಂದಿತು. ಪುಸ್ತಕದ ಪದ್ಯಗಳು ತಮಟೆಯ ಜೊತೆ ಕೇರಿಗಳಲ್ಲಿ, ಮೆರವಣಿಗೆಗಳಲ್ಲಿ ಹಾಡುಗಳಾದವು.

ಭದ್ರಾವತಿಯ ಎರಡು ದನಿಗಳು

ಕಡೂರು-ತರೀಕೆರೆ ಸೀಮೆಗೆ ಭದ್ರಾವತಿ ದೂರದ ಊರಲ್ಲ. ಎಪ್ಪತ್ತರ ದಶಕದ ಹಾಡಿನ ಒಗಟು ಆ ಒಂದು ಊರಿನಲ್ಲೇ ಅಡಗಿದೆ.

ಭದ್ರಾವತಿಯ ಆಕಾಶವಾಣಿ ನಿಲಯ ಆರಂಭವಾದದ್ದು 1965ರಲ್ಲಿ. ಬಯಲುಸೀಮೆಯ ಈ ಭಾಗದ ಹಳ್ಳಿಗಳಿಗೆ ಸುಗಮ ಸಂಗೀತ, ಚಿತ್ರಗೀತೆ, ಕೃಷಿರಂಗ ಎಲ್ಲ ಬರುತ್ತಿದ್ದುದು ಮುಖ್ಯವಾಗಿ ಅಲ್ಲಿಂದ. ಆಗ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಬೇಕಿತ್ತು. ರೇಡಿಯೊ ಇಲ್ಲದವರಿಗೆ ಪಂಚಾಯಿತಿಯ ರೇಡಿಯೊ, ಹೋಟೆಲಿನ ರೇಡಿಯೊ, ಮದುವೆ ಮನೆಯ ಮೈಕ್ ಸೆಟ್. ಟೆಂಟ್ ಸಿನಿಮಾ ಬಂದಾಗ ಆಟ ಶುರುವಾಗುವ ಮುನ್ನ ಹಾಕುವ ತಟ್ಟೆ ಊರಿಗೆಲ್ಲ ಕೇಳುತ್ತಿತ್ತು. ಟಿಕೆಟ್ ಕೊಳ್ಳದವನಿಗೂ ಹಾಡು ಪುಕ್ಕಟೆ.

ಅದೇ ಭದ್ರಾವತಿಯಿಂದ ಹೊರಟ ಇನ್ನೊಂದು ದನಿ ದಲಿತ ಚಳವಳಿಯದು. ಅದಕ್ಕೆ ಪ್ರಸಾರ ಗೋಪುರವಿರಲಿಲ್ಲ, ತಟ್ಟೆ ಒತ್ತುವ ಕಂಪನಿ ಇರಲಿಲ್ಲ. ಸಭೆಯಲ್ಲಿ ಕೇಳಿದವರು ಕಲಿತು ತಮ್ಮ ಊರಿಗೆ ಒಯ್ಯಬೇಕಿತ್ತು. ಹೀಗೆ ಬಾಯಿಂದ ಬಾಯಿಗೆ ದಾಟಿದ ಹಾಡನ್ನು ಎಷ್ಟು ಜನ ಕೇಳಿದರು ಎಂದು ಯಾವ ಅಂಗಡಿಯ ಯಂತ್ರ ಎಣಿಸೀತು?

ನಾಲ್ವರೂ ಒಂದೇ ಕಾಲದವರು. ಆದರೂ ಇಂದು 'ಎಪ್ಪತ್ತರ ದಶಕದ ಮರೆಯದ ಹಾಡುಗಳು' ಎಂದು ಯಾರಾದರೂ ಪಟ್ಟಿ ಮಾಡಿದರೆ ಅದರಲ್ಲಿ ಬರುವುದು ಬಹುಪಾಲು ಎರಡನೆಯ ಮತ್ತು ಮೂರನೆಯ ಹಕ್ಕುದಾರರು. ಕಾರಣ ಸರಳ. ಅವರ ಹಾಡುಗಳು ತಟ್ಟೆಯಲ್ಲಿ, ಕ್ಯಾಸೆಟ್ಟಿನಲ್ಲಿ ಉಳಿದವು. ತಟ್ಟೆಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಮೊಬೈಲಿಗೆ ದಾಟುತ್ತಾ ಬಂದವು. ಕೇಳಲು ಸಿಗುವುದನ್ನೇ ನಾವು ಮರೆಯಲಾಗದ್ದು ಎನ್ನುತ್ತೇವೆ.

ಯಾವ ಅಳತೆ ಸರಿ?

ಈ ಜಗಳ ಬಗೆಹರಿಯದಿರಲು ಕಾರಣ, ಒಂದೇ ಪ್ರಶ್ನೆಯ ಹೆಸರಿನಲ್ಲಿ ನಾವು ಮೂರು ಪ್ರಶ್ನೆಗಳನ್ನು ಕೇಳುತ್ತಿರುವುದು. ಆ ಕಾಲದಲ್ಲಿ ಅತಿ ಹೆಚ್ಚು ಜನ ಕೇಳಿದ್ದು ಯಾವುದು ಎಂಬುದು ಮೊದಲ ಪ್ರಶ್ನೆ. ಆ ಕಾಲದಿಂದ ಇಂದಿನವರೆಗೆ ಉಳಿದದ್ದು ಯಾವುದು ಎಂಬುದು ಎರಡನೆಯದು. ಆ ಕಾಲವಲ್ಲದೆ ಬೇರೆ ಕಾಲದಲ್ಲಿ ಹುಟ್ಟಲು ಸಾಧ್ಯವೇ ಇರದಿದ್ದದ್ದು ಯಾವುದು ಎಂಬುದು ಮೂರನೆಯದು.

ಮೊದಲ ಪ್ರಶ್ನೆಗೆ ಸಿನಿಮಾ ಹಾಡು ಎಂಬ ಉತ್ತರದಲ್ಲಿ ಎರಡು ಮಾತಿಲ್ಲ. ಎರಡನೆಯದಕ್ಕೆ ಸಿನಿಮಾ ಹಾಡು ಮತ್ತು ಭಾವಗೀತೆ ಜೊತೆಯಾಗಿ ನಿಲ್ಲುತ್ತವೆ. ಒಂದು ದಶಕವನ್ನು 'ಪ್ರತಿನಿಧಿಸುವುದು' ಎಂಬ ಮಾತಿಗೆ ತಕ್ಕ ಪ್ರಶ್ನೆ ಮೂರನೆಯದೇ. ಹೆಚ್ಚು ಮಾರಿದ್ದೇ ಪ್ರತಿನಿಧಿ ಎನ್ನುವುದಾದರೆ 1969ನ್ನು ಆರ್ಚೀಸ್‌ಗೆ ಬರೆದುಕೊಡಬೇಕಾಗುತ್ತದೆ!

ಮೂರನೆಯ ಅಳತೆಗೆ ಹಿಡಿದರೆ ಬೆಂಗಳೂರಿನ ಅಂದಿನ ರಾಕ್ ಸ್ವಲ್ಪ ಹಿಂದೆ ಬೀಳುತ್ತದೆ. ಅದರ ಬಹುಪಾಲು ಪಶ್ಚಿಮದ ಹಾಡುಗಳನ್ನು ನುಡಿಸುವುದರಲ್ಲಿ ಕಳೆಯಿತು. ಕನ್ನಡದ ನೆಲಕ್ಕೆ ರಾಕ್ ಇಳಿದದ್ದು ತಡವಾಗಿ. 2008ರಲ್ಲಿ ಮೊದಲ ಆಲ್ಬಮ್ ತಂದ ರಘು ದೀಕ್ಷಿತ್ ಅವರ ತಂಡ, 2009ರಲ್ಲಿ ತಂದ 'ಸ್ವರಾತ್ಮ' ತಂಡಗಳ ಕಾಲಕ್ಕೆ. ರಘು ದೀಕ್ಷಿತ್ ಗಿಟಾರಿಗೆ ಒಗ್ಗಿಸಿದ್ದು ಶಿಶುನಾಳ ಷರೀಫರ ಪದಗಳನ್ನು ಎಂಬುದು ಗಮನಿಸಬೇಕಾದ ಸಂಗತಿ. ಭಾವಗೀತೆಯ ವಿಷಯದಲ್ಲಿ, 1978ರಲ್ಲಿ ಹೊಸದಾಗಿದ್ದುದು ಹಾಡಿಗಿಂತ ಹೆಚ್ಚಾಗಿ ಕ್ಯಾಸೆಟ್. ಅದರ ನಿಜವಾದ ಸುಗ್ಗಿ ಎಂಬತ್ತರ ದಶಕದಲ್ಲಿ.

ಹೋರಾಟದ ಹಾಡು ಮಾತ್ರ ಆ ದಶಕದ ಹೊಟ್ಟೆಯಿಂದಲೇ ಬಂದದ್ದು. ಅದರ ಮಟ್ಟು ಹಳೆಯ ಜಾನಪದದ್ದಿರಬಹುದು, ತಮಟೆ ಇನ್ನೂ ಹಳೆಯದು. ಆದರೆ ಅದುವರೆಗೆ ಊರ ಹಬ್ಬದಲ್ಲಿ ಬೇರೆಯವರಿಗಾಗಿ ತಮಟೆ ಬಡಿದವರು ತಮಗಾಗಿ ಬಡಿದದ್ದು, ತಮ್ಮ ಹಸಿವನ್ನೂ ಸಿಟ್ಟನ್ನೂ ತಮ್ಮದೇ ಮಾತಿನಲ್ಲಿ ಬೀದಿಯಲ್ಲಿ ಹಾಡಿದ್ದು ಅರವತ್ತರಲ್ಲಿ ಆಗಿರಲಿಲ್ಲ. ಎಂಬತ್ತರಲ್ಲಿ ಅದು ಆಗಲೇ ಪರಿಚಿತ ದನಿಯಾಗಿತ್ತು. 1983ರ ಹೊತ್ತಿಗೆ ಸಿದ್ಧಲಿಂಗಯ್ಯನವರೇ ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಹಾಡು ಬರೆದರು.

ಆದ್ದರಿಂದ ಒಂದೇ ಹೆಸರು ಹೇಳಬೇಕೆಂದರೆ ಈ ಲೇಖಕನ ಮತ ಹೋರಾಟದ ಹಾಡಿಗೆ. ಆ ದಶಕ ಮುಗಿದು ಎಷ್ಟೋ ವರ್ಷದ ಮೇಲೆ ಹುಟ್ಟಿದವನಿಗೆ ಈ ತೀರ್ಪು ಕೊಡುವ ಹಕ್ಕೆಲ್ಲಿಯದು ಎಂದು ಹಿರಿಯರು ಕೇಳಬಹುದು. ರೇಡಿಯೊದಲ್ಲಿ ಚಿತ್ರಗೀತೆ ಬರುವ ಹೊತ್ತಿಗೆ ಹೊಲದಿಂದ ಓಡಿಬಂದವರಿಗೆ ಆ ಹಾಡೇ ಎಪ್ಪತ್ತರ ದಶಕ. ಅವರ ಮಾತನ್ನು ಸುಳ್ಳೆನ್ನಲಾಗದು. ಅವರ ಹಾಡಿಗೆ ಕಾವಲಿದೆ, ಗುಂಡಿ ಒತ್ತಿದರೆ ಈಗಲೂ ಕೇಳುತ್ತದೆ ಎಂಬುದನ್ನಷ್ಟೇ ನೆನಪಿಸಬೇಕು.

ಇನ್ನೊಂದು ಹಾಡಿಗೆ ಆ ಕಾವಲಿಲ್ಲ. ಬಿ. ಕೃಷ್ಣಪ್ಪ 1997ರಲ್ಲಿ ತೀರಿಕೊಂಡರು, ಸಿದ್ಧಲಿಂಗಯ್ಯ 2021ರಲ್ಲಿ. ಪದ್ಯಗಳು ಪುಸ್ತಕದಲ್ಲಿವೆ. ಆದರೆ ಅವು ಒಂದೊಂದು ಕೇರಿಯಲ್ಲಿ ಯಾವ ಮಟ್ಟಿನಲ್ಲಿ ಕೇಳಿಬಂದವು, ಯಾವ ಸಾಲಿಗೆ ಜನ ಚಪ್ಪಾಳೆ ತಟ್ಟಿದರು, ಹಾಡುವವರು ತಮ್ಮ ಊರಿನ ಯಾವ ಮಾತನ್ನು ನಡುವೆ ಸೇರಿಸಿದರು ಎಂಬುದು ಪುಸ್ತಕದಲ್ಲಿಲ್ಲ. ಅದು ಇರುವುದು ಅಂದು ಇಪ್ಪತ್ತರ ಹರೆಯದಲ್ಲಿದ್ದು ಇಂದು ಎಪ್ಪತ್ತರ ಆಸುಪಾಸಿನಲ್ಲಿರುವವರ ಗಂಟಲಿನಲ್ಲಿ. ಕಡೂರು, ತರೀಕೆರೆ, ಅಜ್ಜಂಪುರದ ಕೇರಿಗಳಲ್ಲಿ ಅಂಥವರು ಇದ್ದರೆ ಅವರ ಹಾಡನ್ನು ಧ್ವನಿಮುದ್ರಿಸಲು ಈಗ ಸ್ಟುಡಿಯೋ ಬೇಕಿಲ್ಲ, ಜೇಬಿನಲ್ಲಿರುವ ಮೊಬೈಲ್ ಸಾಕು. ಯಾವ ಹಾಡು ದೊಡ್ಡದೆಂಬ ಜಗಳವನ್ನು ಆಮೇಲೂ ಮುಂದುವರಿಸಬಹುದು. ಜಗಳವಾಡಲಾದರೂ ಆ ಹಾಡು ಕೇಳಲು ಸಿಗಬೇಕಲ್ಲ?