ಪೊಲೀಸರ ರಿಜಿಸ್ಟರ್‌ನಲ್ಲಿ ಹೆಸರು: 1871ರಿಂದ 2023ರವರೆಗೆ

ಹೈದರಾಬಾದ್‌ನಲ್ಲಿ ಕೆಲಸ ಮಾಡೋ ನಮ್ಮ ವೀಕ್ಷಕರಿಗೆ ಒಂದು ಪ್ರಶ್ನೆ. ಪೊಲೀಸ್ ರಿಜಿಸ್ಟರ್‌ನಲ್ಲಿ ಹೆಸರಿರೋ ಹಿಜಡಾ ಒಬ್ಬರು ಸೀರೆ ಉಟ್ಟು ರಸ್ತೆಗೆ ಬಂದರೆ ವಾರಂಟ್ ಇಲ್ಲದೆ ಬಂಧಿಸಬಹುದು, ಎರಡು ವರ್ಷ ಜೈಲಿಗೂ ಕಳಿಸಬಹುದು ಅನ್ನೋ ಕಾನೂನು ನಿಮ್ಮ ಊರಲ್ಲಿ ಯಾವಾಗಿನವರೆಗೆ ಇತ್ತು? 2023ರ ಜುಲೈವರೆಗೆ!

ಇದರ ಮೂಲ 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್. ಇಡೀ ಇಡೀ ಸಮುದಾಯಗಳನ್ನ ಹುಟ್ಟು ಅಪರಾಧಿಗಳು ಅಂದ ಬ್ರಿಟಿಷ್ ಕಾಯ್ದೆ ಅಂತ ಎಲ್ಲರಿಗೂ ಅದು ಗೊತ್ತು. ಅದರ ಎರಡನೇ ಭಾಗವನ್ನ ಓದಿದವರು ಕಡಿಮೆ. ಮಕ್ಕಳನ್ನ ಅಪಹರಿಸಿದ, ಬೀಜ ಒಡೆದ, ಇಲ್ಲವೇ 377ನೇ ಸೆಕ್ಷನ್ನಿನ ಅಪರಾಧ ಮಾಡಿದ ಅನುಮಾನ ಇದ್ದರೆ ಸಾಕು, 'ನಪುಂಸಕರ' ಹೆಸರು ರಿಜಿಸ್ಟರ್‌ಗೆ. ಅಪರಾಧ ಸಾಬೀತಾಗಬೇಕಿಲ್ಲ, ಬರೀ ಅನುಮಾನ. ನಪುಂಸಕ ಅಂದರೆ ಯಾರು? ತಾನೇ ಒಪ್ಪಿಕೊಂಡ ಗಂಡಸು, ಅಥವಾ ವೈದ್ಯರ ತಪಾಸಣೆಯಲ್ಲಿ ಹಾಗೆ ಕಂಡವನು. ಹೆಸರು ಬಿತ್ತು ಅಂದರೆ ಉಯಿಲು ಬರೆಯೋ ಹಾಗಿಲ್ಲ, ದಾನಪತ್ರ ಮಾಡೋ ಹಾಗಿಲ್ಲ, ಮಗನನ್ನ ದತ್ತು ತಗೊಳ್ಳೋ ಹಾಗಿಲ್ಲ. ನನಗೆ ಸೀರೆಯ ನಿಷೇಧಕ್ಕಿಂತ ಇದೇ ಕ್ರೂರ ಅನಿಸುತ್ತೆ. ಗುರು ಸತ್ತರೆ ಆಸ್ತಿ ಚೇಲಾಗೆ ಹೋಗೋ ದಾರಿಯನ್ನೇ ಮುಚ್ಚಿದರು.

ನಿಜಾಮರ ಸರ್ಕಾರ ಇದೇ ಮಾದರಿಯ ಕಾಯ್ದೆಯನ್ನ ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ತಂತು. ಆಗ ನಮ್ಮ ಬೀದರ್, ಕಲಬುರಗಿ, ರಾಯಚೂರು ಕೂಡ ಅದೇ ಸಂಸ್ಥಾನದಲ್ಲಿದ್ದವು.

ಇದೆಲ್ಲ ಹಳೇ ಕಾಲದ್ದು ಬಿಡಿ ಅಂತೀರಾ? 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೇರಿತು. ಮತ್ತೆ ಅದೇ ಅನುಮಾನ, ಅದೇ ರಿಜಿಸ್ಟರ್, ಹೆಚ್ಚುಕಡಿಮೆ ಅದೇ ವಾಕ್ಯ. ಐಟಿ ರಾಜಧಾನಿ ಅನ್ನಿಸಿಕೊಂಡ ಊರಿನ ರಾಜ್ಯದಲ್ಲಿ! ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಆ ಪದ ತೆಗೆದು 'ವ್ಯಕ್ತಿಗಳು' ಅಂತ ಬದಲಾಯಿಸಿದರು. 2021ರಲ್ಲಿ ಇದೇ ರಾಜ್ಯ ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 1% ಮೀಸಲಾತಿ ಕೊಟ್ಟಿತು, ಅದನ್ನೂ ಹೇಳಬೇಕು.

ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪು ಕೊಟ್ಟಿತ್ತು: ತನ್ನ ಲಿಂಗತ್ವ ಯಾವುದು ಅನ್ನೋದನ್ನ ವ್ಯಕ್ತಿಯೇ ಹೇಳಬೇಕು, ಅದಕ್ಕೆ ಆಪರೇಷನ್ ಆಗಿರಲೇಬೇಕು ಅಂತ ಹಠ ಹಿಡಿಯೋ ಹಾಗಿಲ್ಲ. ಆದರೂ ಹೈದರಾಬಾದಿನ ಕಾಯ್ದೆ ಇನ್ನೂ ಒಂಬತ್ತು ವರ್ಷ ಉಳಿದಿತ್ತು. ಅದು ಸಂವಿಧಾನಬಾಹಿರ ಅಂತ ಕೊನೆಗೆ ರದ್ದು ಮಾಡಿದ್ದು ತೆಲಂಗಾಣ ಹೈಕೋರ್ಟ್.

ಇನ್ನು 2019ರ ಕೇಂದ್ರ ಕಾಯ್ದೆ. ಅದರ ಪ್ರಕಾರ ಗುರುತಿನ ಪತ್ರ ಕೊಡೋದು ಜಿಲ್ಲಾ ಮ್ಯಾಜಿಸ್ಟ್ರೇಟ್. ಗಂಡು ಅಥವಾ ಹೆಣ್ಣು ಅಂತಲೇ ಬರೆಸಬೇಕು ಅಂದರೆ ಆಪರೇಷನ್ ಮಾಡಿಸಿ, ಆಸ್ಪತ್ರೆಯಿಂದ ಪತ್ರ ತಂದು, ಮತ್ತೊಮ್ಮೆ ಅರ್ಜಿ ಹಾಕಬೇಕು ಅಂತ ಅದರಲ್ಲಿ ಬರೆದರು.