ಯಂತ್ರದ ಲೆಕ್ಕ, ಮನುಷ್ಯನ ಸಹಿ

ಗರ್ಭಿಣಿಯನ್ನು ಕಾಯುವುದೆಂದರೆ ಎರಡು ಜೀವಗಳಿಗೆ ಅಭಯ ನೀಡುವುದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಒಂದು ಕಾಲಕ್ಕೆ ಈ ಹೊಣೆ ಊರಿನ ಸೂಲಗಿತ್ತಿಯದಾಗಿತ್ತು. ಅವಳ ತಿಳಿವಿಗೆ ಮಿತಿಯಿತ್ತು. ಆದರೆ ತಪ್ಪಾದರೆ ಉತ್ತರ ಹೇಳಬೇಕಾದವಳು ಯಾರೆಂಬುದರಲ್ಲಿ ಸಂದೇಹವಿರಲಿಲ್ಲ. ಆಕೆ ಅದೇ ಕೇರಿಯಲ್ಲಿ ಬಾಳಬೇಕಾಗಿತ್ತು. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. 2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. ಹಾಗಿದ್ದರೂ ಬೈಂದೂರಿನ ಘಟ್ಟದಂಚಿನ ಹಳ್ಳಿಗಳಿಗೆ ದೊಡ್ಡ ಆಸ್ಪತ್ರೆ ಇಂದಿಗೂ ದೂರವೇ. ಅಪಾಯವನ್ನು ಮುಂಚಿತವಾಗಿ ಸೂಚಿಸುವ ಕೃತಕ ಬುದ್ಧಿಮತ್ತೆ ಅಲ್ಲಿಗೆ ವರವಾಗಬಲ್ಲದು. ಆದರೆ ಅದು ತಪ್ಪಿದಾಗ ಉತ್ತರ ಹೇಳುವವರು ಯಾರು?

ಈ ಪ್ರಶ್ನೆಗೆ ಒಂದು ಹಳೆಯ ಪಾಠವಿದೆ. 1958ರಲ್ಲಿ ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಅಲ್ಟ್ರಾಸೌಂಡ್‌ನಿಂದ ಪಡೆದ ಗರ್ಭದ ಚಿತ್ರಗಳನ್ನು ಪ್ರಕಟಿಸಿದರು. ರಕ್ಷಣೆಗಾಗಿ ಹುಟ್ಟಿದ ಆ ಸಾಧನವೇ ನಮ್ಮ ದೇಶದಲ್ಲಿ ಹೆಣ್ಣು ಭ್ರೂಣದ ಹಿಂಸೆಗೆ ಆಯುಧವಾಯಿತು. 1988ರಲ್ಲಿ ಮಹಾರಾಷ್ಟ್ರ ಕಾಯಿದೆ ಮಾಡಿತು. 1994ರ ಕೇಂದ್ರ ಕಾಯಿದೆ 1996ರ ಜನವರಿ 1ರಂದು ಜಾರಿಗೆ ಬಂದು, 2003ರಲ್ಲಿ ಬಲಗೊಂಡಿತು. ಕೇಂದ್ರವು ನೋಂದಣಿಯಾಗಬೇಕು, ಗರ್ಭಿಣಿಯ ಪ್ರತಿ ಸ್ಕ್ಯಾನಿಂಗಿಗೂ ದಾಖಲೆಯಿರಬೇಕು, ವೈದ್ಯರು ಸಹಿ ಹಾಕಬೇಕು ಎಂಬುದು ಅದರ ಸಾರ. ಕಾಯಿದೆ ಬಂದದ್ದು ಅನಾಹುತದ ಬಳಿಕ.

ನ್ಯಾಯಾಲಯಗಳೂ ಹೊಣೆಯನ್ನು ಸ್ಪಷ್ಟಪಡಿಸಿವೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯಿದೆಗೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. ಎಲ್ಲರಿಗೂ ಉಚಿತವಾಗಿ ನೀಡುವ ಸೇವೆಯನ್ನು ಹೊರಗಿಟ್ಟಿತು. ತಪಾಸಣೆಗೆ ನೀಡಿದ ಒಪ್ಪಿಗೆ ಚಿಕಿತ್ಸೆಗೂ ಒಪ್ಪಿಗೆಯಾಗದೆಂದು 2008ರಲ್ಲಿ, ಓರ್ವ ಮಹಿಳೆಯ ಗರ್ಭಕೋಶ ತೆಗೆದ ಪ್ರಕರಣದಲ್ಲಿ, ಹೇಳಿತು.

ಇನ್ನು ಹೊಸ ಸಾಧನದ ಮಾತು. ಶಿಶುವಿನ ಗರ್ಭಾವಧಿಯನ್ನು ಬಹುಕಾಲ ಪಾಶ್ಚಾತ್ಯ ಸ್ತ್ರೀಯರ ಅಳತೆಗಳಿಂದ ರೂಪುಗೊಂಡ ಸೂತ್ರದಿಂದಲೇ ಲೆಕ್ಕಹಾಕಲಾಗುತ್ತಿತ್ತು. ಮದರಾಸಿನ ಐಐಟಿ ಮತ್ತು ಫರೀದಾಬಾದಿನ ಸಂಶೋಧನ ಸಂಸ್ಥೆ ಸೇರಿ, ಗುರುಗ್ರಾಮದ ಆಸ್ಪತ್ರೆಯ ಮಾಹಿತಿಯಿಂದ ‘ಗರ್ಭಿಣಿ-ಜಿಎ2’ ಎಂಬ ಭಾರತೀಯ ಮಾದರಿಯನ್ನು 2024ರಲ್ಲಿ ಪ್ರಕಟಿಸಿದವು. ದೋಷವು ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯಿತೆಂದು ಸಂಶೋಧಕರು ತಿಳಿಸಿದರು. ಯಾರ ಮಾಹಿತಿಯಿಂದ ಕಲಿತಿದೆಯೋ ಯಂತ್ರ ಅವರನ್ನೇ ಚೆನ್ನಾಗಿ ಅರಿಯುತ್ತದೆ ಎಂಬುದು ಇದರಿಂದ ಸಿದ್ಧವಾಯಿತು. ಕರಾವಳಿಯ ತಾಯಂದಿರ ಮೇಲೂ ಅದನ್ನು ಪರೀಕ್ಷಿಸಿ ನೋಡಬೇಕಾದುದು ನ್ಯಾಯ.

ಕಾನೂನು ಅರ್ಧದಾರಿಯಲ್ಲಿದೆ. 2020ರಿಂದ ವೈದ್ಯಕೀಯ ತಂತ್ರಾಂಶವೂ ವೈದ್ಯಕೀಯ ಸಾಧನವೆನಿಸಿದೆ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ನೈತಿಕ ಮಾರ್ಗಸೂಚಿಯನ್ನು ಹೊರಡಿಸಿತು. ಅದೇ ವರ್ಷ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಅಂಗೀಕಾರವಾಯಿತು. ಆದರೆ ಯಂತ್ರದ ಲೆಕ್ಕ ತಪ್ಪಿದರೆ ಹೊಣೆ ತಯಾರಕನದೋ, ಆಸ್ಪತ್ರೆಯದೋ, ವೈದ್ಯರದೋ ಎಂಬುದನ್ನು ನೇರವಾಗಿ ನಿರ್ಣಯಿಸುವ ಪ್ರತ್ಯೇಕ ಕಾಯಿದೆಯಿಲ್ಲ.

ಔಷಧದಾನವು ಬಸದಿಗಳ ಟ್ರಸ್ಟುಗಳಿಗೆ ಹೊಸತಲ್ಲ. ಆಸ್ಪತ್ರೆಗೆ ಇಂತಹ ಯಂತ್ರವನ್ನು ದಾನ ನೀಡುವ ಮುನ್ನ ಮೂರು ಮಾತು ಕೇಳುವುದು ಒಳಿತು. ಇದು ಯಾರ ಮಾಹಿತಿಯಿಂದ ಕಲಿತಿದೆ? ತಾಯಿಯ ವಿವರ ಎಲ್ಲಿಗೆ ಹೋಗುತ್ತದೆ, ಆಕೆಗೆ ಅದನ್ನು ಅವಳ ಭಾಷೆಯಲ್ಲಿ ತಿಳಿಸಲಾಗಿದೆಯೇ? ಕೊನೆಯ ನಿರ್ಧಾರಕ್ಕೆ ಸಹಿ ಯಾರದು? ಲೆಕ್ಕವನ್ನು ಗುಮಾಸ್ತ ಬರೆಯಬಹುದು. ಸಾಲಗಾರನಿಗೆ ಉತ್ತರ ಹೇಳಬೇಕಾದವನು ಅಂಗಡಿಯ ಧಣಿ. ಎರಡು ಜೀವಗಳ ಲೆಕ್ಕದಲ್ಲಿ ಆ ನಿಯಮ ಸಡಿಲಾಗಬಾರದು.